ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರೂ ಹಳ್ಳಿಯಿಂದ ಬಂದ ವಿದ್ಯಾರ್ಥಿಯೂ

ಕ್ರಿ. ಶ. 1916ನೆಯ ವರ್ಷವು ಮೈಸೂರು ಸೀಮೆಗೆ ಎರಡು ಜನನಗಳ ವರ್ಷ. ಆ ವರ್ಷ ಜುಲೈ 27ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯ ಕಾಲದಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದಾಗಿ ಒಂದು ತಿಂಗಳು ಕಳೆದ ಮೇಲೆ, ಆಗಸ್ಟ್ 29ರಲ್ಲಿ, ಮುಂದೆ ಸುತ್ತೂರು ಶ್ರೀಕ್ಷೇತ್ರದ ವೀರಸಿಂಹಾಸನವನ್ನೇರಿ ಇಪ್ಪತ್ತಮೂರನೆಯ ಜಗದ್ಗುರುಗಳೆನಿಸಿದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಜನಿಸಿದರು. ಒಂದು ಜನನಕ್ಕೆ ಅರಮನೆಯೂ ಸರಕಾರವೂ ಸಾಕ್ಷಿಯಾದವು. ಮತ್ತೊಂದಕ್ಕೆ ಕಪಿಲಾತೀರದ ಕೆಲವು ಮನೆಗಳು ಮಾತ್ರವೇ ಸಾಕ್ಷಿ. ಆದರೆ ಮೊದಲನೆಯದು ತನ್ನ ಬಾಗಿಲನ್ನು ತೆರೆದಾಗ ಯಾವ ಕೊರತೆಯು ತಲೆದೋರಿತೋ ಅದನ್ನು ತುಂಬುವ ಭಾರವು ಕಾಲಾಂತರದಲ್ಲಿ ಎರಡನೆಯವರ ಹೆಗಲಿಗೆ ಬಂದಿತು. ಆ ಕೊರತೆ ಯಾವುದೆಂಬುದನ್ನು ಮೊದಲು ಹೇಳಿ ಆಮೇಲೆ ಪೂಜ್ಯರ ಚರಿತ್ರೆಗೆ ಬರುವುದು ಉಚಿತವೆಂದು ತೋರುತ್ತದೆ.

ವಿಶ್ವವಿದ್ಯಾನಿಲಯವೆಂದರೆ ಪಾಠ ಹೇಳುವ ಸ್ಥಳ. ಪಾಠಕ್ಕೆ ಕುಳಿತವನು ಹಿಂದಿನ ರಾತ್ರಿ ಎಲ್ಲಿ ಮಲಗಿದ್ದನು, ಬೆಳಗ್ಗೆ ಏನನ್ನು ಉಂಡು ಬಂದನು ಎಂಬುದನ್ನು ಅದು ವಿಚಾರಿಸುವುದಿಲ್ಲ. ಪಟ್ಟಣದವರ ಮಕ್ಕಳಿಗೆ ಈ ಪ್ರಶ್ನೆಯೇ ಹುಟ್ಟದು. ಮಹಾರಾಜ ಕಾಲೇಜಿನ ಸಮೀಪದಲ್ಲಿ ಮನೆಯಿದ್ದವರು ಗಂಟೆ ಬಾರಿಸುವ ಹೊತ್ತಿಗೆ ಹೊರಟರೂ ತಲುಪಬಹುದಾಗಿದ್ದಿತು. ಆದರೆ ಕಾವೇರಿಯ ದಡದ ಸೋಸಲೆಯ ಹುಡುಗನ ಗತಿಯೇನು? ತಲಕಾಡಿನ, ಮೂಗೂರಿನ, ಹುಲ್ಲಹಳ್ಳಿಯ ಹುಡುಗನ ಗತಿಯೇನು? ತಿರುಮಕೂಡಲು ನರಸೀಪುರದಿಂದ ಮೈಸೂರಿಗೆ ಹೆಚ್ಚು ಕಡಮೆ ಇಪ್ಪತ್ತು ಮೈಲಿ. ಎತ್ತಿನ ಗಾಡಿಯಲ್ಲಿ ಅದು ಒಂದು ದಿನದ ದಾರಿ. ದಿನವೂ ಹೋಗಿಬರುವ ಮಾತೇ ಇಲ್ಲ. ಓದಬೇಕಾದರೆ ಪಟ್ಟಣದಲ್ಲಿ ನಿಲ್ಲಬೇಕು. ನಿಲ್ಲಬೇಕಾದರೆ ಅನ್ನಕ್ಕೂ ನೆಲೆಗೂ ದಾರಿಯಾಗಬೇಕು.

ಸೋಸಲೆಯಿಂದ ಮೈಸೂರಿಗೆ ವಿದ್ಯೆ ಹೋಗಿರಲಿಲ್ಲವೆಂದಲ್ಲ. ಗರಳಪುರಿ ಶಾಸ್ತ್ರಿಗಳೂ ಅವರ ತರುವಾಯ ಅಯ್ಯಾ ಶಾಸ್ತ್ರಿಗಳೂ ಅದೇ ಊರಿನ ಹೆಸರನ್ನು ತಮ್ಮ ಹೆಸರಿನ ಹಿಂದೆ ಹೊತ್ತು ಅರಮನೆಯ ವಿದ್ವಾಂಸರಾಗಿ ಮೆರೆದವರು. ಆದರೆ ಅವರಿಗೆ ಪಾಂಡಿತ್ಯವು ಮನೆತನದ ಆಸ್ತಿಯಾಗಿದ್ದಿತು, ರಾಜಾಶ್ರಯವು ಅದನ್ನು ಹಿಂಬಾಲಿಸಿ ಬಂದಿತು. ಉಳುವವನ ಮಗನಿಗೆ ಇವೆರಡೂ ಇಲ್ಲ. ಅವನು ಊರಿನ ಶಾಲೆಯ ಮೇಷ್ಟರು ಮೆಚ್ಚಿದ ಹುಡುಗನೆಂಬುದೊಂದೇ ಅವನ ಬಂಡವಾಳ.

ಇಂಥ ಹುಡುಗನಿಗೆ ಆ ಕಾಲದ ಮೈಸೂರಿನಲ್ಲಿ ತೆರೆದಿದ್ದ ದಾರಿಗಳು ನಾಲ್ಕು. ಬಂಧುಗಳಿದ್ದರೆ ಅವರ ಮನೆಯ ಜಗುಲಿ. ಅಲ್ಲಿ ಓದುವುದಕ್ಕಿಂತ ನೀರು ಸೇದುವುದೂ ಮಕ್ಕಳನ್ನು ಆಡಿಸುವುದೂ ಹೆಚ್ಚು. ಛತ್ರವಿದ್ದಿತು, ಆದರೆ ಛತ್ರವು ದಾರಿಹೋಕನಿಗಾಗಿ ಕಟ್ಟಿದ್ದು, ಅವನು ಬಂದು ಹೋಗುತ್ತಾನೆ, ವಿದ್ಯಾರ್ಥಿಯು ಬಂದರೆ ನಾಲ್ಕು ವರ್ಷ ಹೋಗುವುದಿಲ್ಲ. ಮೂರನೆಯದು ವಾರಾನ್ನ. ಈಚಿನ ಹುಡುಗರಿಗೆ ಆ ಮಾತಿನ ಅರ್ಥವೇ ತಿಳಿಯದು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತು ಮಾಡಿಕೊಂಡು ಉಣ್ಣುವುದು. ಆರು ಮನೆ ಸಿಕ್ಕಿ ಏಳನೆಯದು ಸಿಕ್ಕದಿದ್ದರೆ ಆ ದಿನ ಉಪವಾಸ. ಸಿಕ್ಕಿದ ಮನೆಯಲ್ಲಿ ಸೂತಕವಾದರೆ, ಮನೆಯವರು ಊರಿಗೆ ಹೋದರೆ, ಅಂದೂ ಉಪವಾಸ. ಕೊಟ್ಟವರ ಔದಾರ್ಯವನ್ನು ಕಡಮೆಯೆಂದು ಯಾರೂ ಹೇಳಬಾರದು. ನಾಡಿನ ಎಷ್ಟೋ ಮಂದಿ ದೊಡ್ಡವರು ಆ ಅನ್ನದಿಂದಲೇ ದೊಡ್ಡವರಾದುದು. ಆದರೂ ದಿನಕ್ಕೊಂದು ಹೊಸಲಿನ ಮುಂದೆ ತಲೆತಗ್ಗಿಸಿ ನಿಂತ ಹುಡುಗನ ಮನಸ್ಸು ಏನಾಗುತ್ತಿತ್ತೆಂಬುದನ್ನು ನಿಂತವನೇ ಬಲ್ಲನು. ಲಿಂಗಧಾರಿಯಾದ ಹುಡುಗನಿಗೆ ಇನ್ನೂ ಒಂದು ತೊಡಕು. ಇಷ್ಟಲಿಂಗಕ್ಕೆ ಪೂಜೆ ಮಾಡಿ ಅರ್ಪಿಸದೆ ಅವನು ಉಣ್ಣಲಾರನು. ಪರರ ಪಡಸಾಲೆಯಲ್ಲಿ ಅದಕ್ಕೆ ತಾವು ಕೇಳುವುದು ಹೇಗೆ?

ನಾಲ್ಕನೆಯದು ಬಾಡಿಗೆಯ ಕೊಠಡಿ. ಇಬ್ಬರು ಮೂವರು ಸೇರಿ ಹಿಡಿದ ಕತ್ತಲೆಯ ಕೋಣೆ, ಒಂದು ಒಲೆ, ಒಂದು ಲಾಂದ್ರ, ಊರಿನಿಂದ ಬಂದ ರಾಗಿಹಿಟ್ಟಿನ ಗಂಟು. ಮೈ ಚೆನ್ನಾಗಿರುವವರೆಗೆ ಇದು ನಡೆಯುತ್ತದೆ. ಜ್ವರ ಬಂದರೆ ನೀರು ಕೊಡುವವರಿಲ್ಲ. ಮಲೆನಾಡಿನಿಂದ ಬಂದು ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ಕುವೆಂಪುರವರು 1926ರಲ್ಲಿ ಹೀಗೆಯೇ ಕೊಠಡಿಯಲ್ಲಿ ಕಾಯಿಲೆ ಬಿದ್ದಾಗ ಶ್ರೀ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ಆಶ್ರಮಕ್ಕೆ ಕರೆದೊಯ್ದು ಆಶ್ರಯ ಕೊಟ್ಟುದು ಎಲ್ಲರೂ ಬಲ್ಲ ಸಂಗತಿ. ಅಂಥ ಕೈ ಎಲ್ಲರನ್ನೂ ಹುಡುಕಿಕೊಂಡು ಬರುವುದಿಲ್ಲವಷ್ಟೆ.

ಈ ಕೊರತೆಯನ್ನು ಮೊದಲು ಕಂಡವರು ರಾಜೇಂದ್ರ ಶ್ರೀಗಳವರೇ ಎಂದು ಹೇಳಿದರೆ ಹಿಂದಿನವರಿಗೆ ಅನ್ಯಾಯವಾದೀತು. ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವ್ಯಾಪಾರ ಮಾಡಿದ ಧರ್ಮಪ್ರವರ್ತ ರಾವ್ ಬಹದ್ದೂರ್ ತೋಟದಪ್ಪನವರು ರೈಲ್ವೆ ನಿಲ್ದಾಣದ ಬಳಿ ಯಾತ್ರಿಕರಿಗೆ ಛತ್ರವನ್ನೂ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ಏರ್ಪಡಿಸಿ, ಮಕ್ಕಳಿಲ್ಲದ ತಮ್ಮ ಸಂಪತ್ತನ್ನೆಲ್ಲ ಅದಕ್ಕೇ ಧಾರೆಯೆರೆದು 1910ರಲ್ಲಿ ಲಿಂಗೈಕ್ಯರಾದರು. ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ತರುಣನು ಆ ನಿಲಯದಲ್ಲಿ ಉಂಡು ಮಲಗಿ ಬೆಳೆದನು. ಆತನೇ ಮುಂದೆ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳವರಾಗಿ ಹತ್ತಾರು ಸಾವಿರ ಮಕ್ಕಳಿಗೆ ಅನ್ನವಿಕ್ಕಿದುದು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳವರು ಅತ್ತ ಕಡೆಯ ಬಡಮಕ್ಕಳಿಗಾಗಿ ಪ್ರಸಾದನಿಲಯವನ್ನು ನಡೆಸಿದರು. ಯಾವ ಮಠದ ಬಾಗಿಲೂ ತೆರೆಯದಿದ್ದ ಮಕ್ಕಳಿಗಾಗಿ ಗೋಪಾಲಸ್ವಾಮಿ ಅಯ್ಯರವರು ಮೈಸೂರು ಸಂಸ್ಥಾನದಲ್ಲಿ ವಿದ್ಯಾರ್ಥಿನಿಲಯಗಳ ಕಾರ್ಯಕ್ಕೆ ತಮ್ಮ ಬಾಳನ್ನೇ ಕೊಟ್ಟರು. ಆದರೆ ಕಾವೇರಿ ಕಪಿಲೆಗಳ ನಡುವಣ ನಮ್ಮ ಸೀಮೆಯ ಹುಡುಗನು ಹೋಗಬೇಕಾದುದು ಮೈಸೂರಿಗೆ. ಅಲ್ಲಿ ಅವನನ್ನು ಕೇಳುವವರು ಬೇಕಾಗಿದ್ದಿತು.

ಸುತ್ತೂರಿನ ಪೀಠದ ಪ್ರಾಚೀನತೆಯನ್ನು ಭಕ್ತಮಹಾಶಯರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಶಿವಯೋಗಿಗಳವರು ಗಂಗ ಚೋಳ ಅರಸರ ಕಾಲದಲ್ಲಿ ಕಪಿಲೆಯ ದಡದಲ್ಲಿ ನೆಲೆಗೊಂಡು, ಕಾದಾಡಲು ಬಂದ ಎರಡು ಸೇನೆಗಳ ನಡುವೆ ಶಾಂತಿಯನ್ನು ನೆಲೆಗೊಳಿಸಿದರೆಂಬುದು ಪರಂಪರೆಯ ಮಾತು. ಅಂಥ ಪೀಠಕ್ಕೆ ರಾಜೇಂದ್ರ ಶ್ರೀಗಳವರು ಇನ್ನೂ ಎಳೆಯ ವಯಸ್ಸಿನಲ್ಲಿಯೇ ಉತ್ತರಾಧಿಕಾರಿಗಳಾದರು. ಓರಗೆಯ ಹುಡುಗರು ಗೋಲಿಯಾಡುವ ಕಾಲದಲ್ಲಿ ಅವರಿಗೆ ಕಾವಿಯೂ ದಂಡವೂ ಪಾದಪೂಜೆಯೂ ಬಂದವು. ಬಾಲ್ಯವನ್ನು ಕಳೆದುಕೊಂಡವನು ಕೆಲವೊಮ್ಮೆ ಕಠಿಣನಾಗುತ್ತಾನೆ, ಕೆಲವೊಮ್ಮೆ ಇತರರ ಬಾಲ್ಯವನ್ನು ಕಾಪಾಡುವವನಾಗುತ್ತಾನೆ. ಪೂಜ್ಯರು ಎರಡನೆಯ ಬಗೆಯವರು.

ಸಂಸ್ಕೃತವನ್ನು ಅವರು ಮೈಸೂರಿನಲ್ಲಿ ಅಭ್ಯಸಿಸಿದರು. ಆ ಬಳಿಕ ಕಾಶಿಗೆ ತೆರಳಿ ವ್ಯಾಸಂಗವನ್ನು ಮುಂದುವರಿಸಿದರು. ಮಠಾಧಿಪತಿಗಳಾದರೂ ಪಾಠದ ಮಣೆಯ ಮೇಲೆ ಅವರು ಶಿಷ್ಯರೇ ಆಗಿದ್ದರು. ಕಾಶಿಯೆಂದರೆ ಪಂಡಿತರ ಊರು ಮಾತ್ರವಲ್ಲ, ಅನ್ನಸತ್ರಗಳ ಊರೂ ಹೌದು. ಹಿಂದೂಸ್ಥಾನದ ನಾಲ್ಕು ಮೂಲೆಗಳಿಂದ ಬಂದ ಬಡ ವಿದ್ಯಾರ್ಥಿಗಳು ಅಲ್ಲಿ ಶತಮಾನಗಳಿಂದ ಸತ್ರಗಳ ಊಟದ ಮೇಲೆ ಶಾಸ್ತ್ರಾಭ್ಯಾಸ ಮಾಡುತ್ತ ಬಂದಿದ್ದರು; ಅಲ್ಲಿನ ಜಂಗಮವಾಡಿ ಮಠವು ನಮ್ಮ ಸಮಾಜದ ಮಕ್ಕಳಿಗೆ ನೆಲೆಯಾಗಿದ್ದಿತು. ಸತ್ರವು ಮುಚ್ಚಿದರೆ ಶಾಸ್ತ್ರವೂ ಮುಚ್ಚುತ್ತದೆಂಬುದನ್ನು ಕಾಶಿಯಲ್ಲಿ ಓದಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾಶಿಯಿಂದ ಹಿಂದಿರುಗಿದ ಮೇಲೆ, 1940ರ ದಶಕದ ಆರಂಭದಲ್ಲಿ, ಶ್ರೀಗಳವರು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ಆರಂಭಿಸಿದರು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸಿನ ವಯಸ್ಸು. ಅವರಲ್ಲಿಗೆ ಬಂದ ಕಾಲೇಜು ಹುಡುಗರಿಗಿಂತ ಐದಾರು ವರ್ಷ ಮಾತ್ರ ಹಿರಿಯರು. ನಿಲಯವೆಂದೊಡನೆ ಈಗಿನ ಮೂರು ಅಂತಸ್ತಿನ ಕಟ್ಟಡವನ್ನು ಕಣ್ಣ ಮುಂದೆ ತಂದುಕೊಳ್ಳಬಾರದು. ಕೆಲವೇ ಮಂದಿ ಹುಡುಗರು, ಒಂದು ಪಾಕಶಾಲೆ, ಹಾಸಿಕೊಳ್ಳಲು ಅವರವರ ಊರಿನಿಂದ ಬಂದ ಚಾಪೆ ಕಂಬಳಿ, ಇಷ್ಟೇ ಆರಂಭ.

ಕಾಲವೂ ಒಳ್ಳೆಯದಾಗಿರಲಿಲ್ಲ. ಎರಡನೆಯ ಮಹಾಯುದ್ಧವು ನಡೆಯುತ್ತಿದ್ದಿತು. 1942ರಲ್ಲಿ ಬರ್ಮಾ ದೇಶವು ಜಪಾನಿನವರ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಮರುವರ್ಷ ವಂಗದೇಶದ ಕ್ಷಾಮದಲ್ಲಿ ಲಕ್ಷಾಂತರ ಜನರು ಮಡಿದರು. ನಮ್ಮ ಸಂಸ್ಥಾನಕ್ಕೆ ಆ ಘೋರವು ಬರಲಿಲ್ಲವಾದರೂ ಪಟ್ಟಣಗಳಲ್ಲಿ ಪಡಿತರದ ಚೀಟಿಯೂ, ಹಳ್ಳಿಗಳಲ್ಲಿ ಸರಕಾರಕ್ಕೆ ಅಳೆದು ಕೊಡುವ ಲೆವಿಯೂ ಬಂದವು. ಮನೆಯೊಡೆಯನೇ ತನ್ನ ಅಕ್ಕಿಯನ್ನು ಸೇರಿನಿಂದ ಅಳೆದು ಒಲೆಗೆ ಇಡುವ ಕಾಲದಲ್ಲಿ ಪರರ ಮಕ್ಕಳನ್ನು ಕರೆದು ಕೂರಿಸಿ ಉಣಬಡಿಸುತ್ತೇವೆಂದು ಹೊರಡುವುದು ವಿವೇಕಿಗಳ ಲೆಕ್ಕದಲ್ಲಿ ಸಾಹಸವೇ.

ಇಲ್ಲಿ ಒಂದು ವಿಷಯವನ್ನು ವಿಸ್ತರಿಸಿ ಹೇಳಬೇಕು; ನಿಲಯಗಳನ್ನು ನಡೆಸಿದವರಿಗೆ ಮಾತ್ರ ಇದು ಗೊತ್ತು. ನಿಲಯದ ಅನ್ನವೆಲ್ಲಾ ಹಳ್ಳಿಯ ಕಣದಿಂದ ಬರತಕ್ಕದ್ದು. ಹುಲ್ಲಹಳ್ಳಿ ಅಣೆಕಟ್ಟಿನ ಕಾಲುವೆಯ ಕೆಳಗೂ ಮಾಧವಮಂತ್ರಿ ಅಣೆಕಟ್ಟಿನ ಕಾಲುವೆಯ ಕೆಳಗೂ ಬತ್ತದ ಗದ್ದೆಗಳು. ಮೇಲಿನ ಹೊಲಗಳಲ್ಲಿ ರಾಗಿ, ಜೋಳ, ಹುರುಳಿ, ಅವರೆ. ಸುಗ್ಗಿಯಾಗುವುದು ಮಾರ್ಗಶಿರ ಪುಷ್ಯ ಮಾಸಗಳಲ್ಲಿ. ಪುಷ್ಯದ ಕಡೆಯಲ್ಲಿ ಸುತ್ತೂರಿನ ಜಾತ್ರೆ. ಕಣ ಮಾಡಿದ ರೈತನ ಕೈ ಆಗ ಧಾರಾಳ. ಗಾಡಿಗಟ್ಟಲೆ ಧಾನ್ಯವು ಮಠಕ್ಕೆ ಬರುತ್ತದೆ. ಆದರೆ ಕಾಲೇಜು ಬಾಗಿಲು ತೆರೆಯುವುದು ಯಾವಾಗ? ಜೂನ್ ತಿಂಗಳಲ್ಲಿ, ಜ್ಯೇಷ್ಠ ಆಷಾಢಗಳಲ್ಲಿ. ಆಗ ರೈತನ ಹಗೇವು ಬರಿದಾಗಿರುತ್ತದೆ, ಬಿತ್ತನೆಗೆ ಇಟ್ಟ ಬೀಜವನ್ನು ಬಿಟ್ಟರೆ ಮನೆಯಲ್ಲಿ ಕಾಳಿರುವುದಿಲ್ಲ. ಅಂದರೆ ಹಳ್ಳಿಯು ಕೊಡಬಲ್ಲ ಕಾಲದಲ್ಲಿ ಹುಡುಗರು ಪರೀಕ್ಷೆಗೆ ಓದಿ ಊರಿಗೆ ಹೊರಡುವ ಸನ್ನಾಹದಲ್ಲಿರುತ್ತಾರೆ. ಹುಡುಗರು ಹಸಿದು ಬರುವ ಕಾಲದಲ್ಲಿ ಹಳ್ಳಿಯೇ ಹಸಿದಿರುತ್ತದೆ. ಆಷಾಢದಿಂದ ಕಾರ್ತಿಕದವರೆಗಿನ ಆ ಐದು ತಿಂಗಳನ್ನು ದಾಟಿಸುವುದೇ ನಿಲಯದ ನಿಜವಾದ ಪರೀಕ್ಷೆ. ಯುದ್ಧಕಾಲದಲ್ಲಿ ಹಣವಿದ್ದರೂ ಅಕ್ಕಿ ಸಿಕ್ಕದು. ಸಿಕ್ಕಿದರೆ ಬೆಲೆ ಕೇಳಲಾಗದು.

ಹೀಗಾಗಿ ಶ್ರೀಗಳವರ ಸಂಚಾರದ ಸ್ವರೂಪವೇ ಬದಲಾಯಿತು. ಗುರುಗಳು ಊರಿಗೆ ಬಿಜಯಂಗೈಯುವುದು, ಭಕ್ತರು ಪಾದಪೂಜೆ ಮಾಡುವುದು, ಕಾಣಿಕೆಯೊಪ್ಪಿಸುವುದು ಹಿಂದಿನಿಂದ ಬಂದ ಸಂಪ್ರದಾಯ. ಆ ಕಾಣಿಕೆಯು ಈಗ ಮೈಸೂರಿನ ಹುಡುಗನ ತಟ್ಟೆಗೆ ಹೋಗತೊಡಗಿತು. ಭಕ್ತನ ಲೆಕ್ಕದಲ್ಲಿಯೂ ಇದರಿಂದ ಒಂದು ವ್ಯತ್ಯಾಸವುಂಟಾಯಿತೆಂದು ನಾನು ತಿಳಿದಿದ್ದೇನೆ. ಮಠಕ್ಕೆ ಕೊಟ್ಟ ಬತ್ತವು ಏನಾಯಿತೆಂದು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ, ಕೇಳುವುದೂ ಸಲ್ಲದು. ಆದರೆ ತನ್ನದೋ ನೆರೆಮನೆಯವನದೋ ಮಗನು ರಜಕ್ಕೆ ಊರಿಗೆ ಬಂದಾಗ, ನಾವು ಕಳುಹಿಸಿದ ಚೀಲದ ಅಕ್ಕಿಯನ್ನು ಇವನೇ ಉಂಡಿದ್ದಾನೆಂದು ರೈತನು ಕಣ್ಣಾರೆ ಕಂಡನು. ಬೇರೆ ಲೆಕ್ಕಪತ್ರ ಬೇಕಾಗಲಿಲ್ಲ.

ಇಷ್ಟಾದರೂ ಒಂದು ಸಮಯ ಬಂದಿತು. ಉಗ್ರಾಣವು ಬರಿದಾಯಿತು, ಕೊಳ್ಳಲು ಹಣವಿರಲಿಲ್ಲ. ಆಗ ಶ್ರೀಗಳವರು ಮಠದ ಬೆಳ್ಳಿಯ ಒಡವೆಗಳನ್ನೂ, ತಾವು ಧರಿಸುತ್ತಿದ್ದ ಬಂಗಾರದ ಕರಡಿಗೆಯನ್ನೂ ಮಾರಿ ಮಕ್ಕಳ ಊಟವನ್ನು ನಡೆಸಿದರೆಂಬುದು ಆ ಕಾಲವನ್ನು ಕಂಡ ಹಿರಿಯರು ನಮಗೆ ಹೇಳುತ್ತ ಬಂದ ಸಂಗತಿ. ಇಂದಿಗೂ ಸುತ್ತೂರಿನ ಭಕ್ತರ ಮನೆಮಾತು. ಬೇರೆ ಲೇಖಕರು ಇದನ್ನು ಒಂದು ವಾಕ್ಯದಲ್ಲಿ ಹೇಳಿ ತ್ಯಾಗವೆಂದು ಹೊಗಳಿ ಮುಂದೆ ಹೋಗುತ್ತಾರೆ. ನನಗೆ ಅಷ್ಟು ಸುಲಭವಾಗಿ ದಾಟಿಹೋಗಲಾಗುವುದಿಲ್ಲ.

ಕರಡಿಗೆಯೆಂದರೇನು? ಇಷ್ಟಲಿಂಗವನ್ನು ಇಟ್ಟುಕೊಳ್ಳುವ ಸಂಪುಟ. ಲಿಂಗವು ಹೃದಯದ ಮೇಲೆ ನೆಲಸುವುದು ಅದರ ಮೂಲಕ. ಪೀಠಾಧಿಪತಿಯ ಬಂಗಾರದ ಕರಡಿಗೆಯಾದರೋ ಒಬ್ಬರ ಸ್ವಂತ ಒಡವೆಯಲ್ಲ. ಅದು ಪೀಠದ ಗೌರವ, ಪೂರ್ವಾಚಾರ್ಯರ ನೆನಪು, ಎಷ್ಟೋ ತಲೆಮಾರಿನ ಭಕ್ತರ ಬೆವರು. ಶಿವದ್ರವ್ಯವನ್ನು ಪರಭಾರೆ ಮಾಡಬಾರದೆಂದು ಶಾಸ್ತ್ರಗಳಲ್ಲಿ ಕಟ್ಟುನಿಟ್ಟಾದ ನಿಷೇಧವುಂಟು; ಪಾಠಶಾಲೆಯಲ್ಲಿ ನಾವೂ ಅದನ್ನು ಓದಿದ್ದೇವೆ. ಇಂದು ಹುಡುಗರ ಊಟಕ್ಕೆಂದು ಒಡವೆ ಮಾರಿದ ಕೈ ನಾಳೆ ಮತ್ತೊಂದು ಕಾರಣಕ್ಕೆ ಭೂಮಿಯನ್ನು ಮಾರೀತು, ನಾಡಿದ್ದು ಕಾರಣವೂ ಇಲ್ಲದೆ ಮಾರೀತು. ಮಠಗಳು ಹೀಗೆ ಹಾಳಾದ ಉದಾಹರಣೆಗಳು ದೇಶದಲ್ಲಿ ಇಲ್ಲದಿಲ್ಲ. ಆದುದರಿಂದ ಆ ಯುವ ಜಗದ್ಗುರುಗಳವರ ಮುಂದೆ ಇದ್ದುದು ಧರ್ಮಕ್ಕೂ ಅಧರ್ಮಕ್ಕೂ ನಡುವಣ ಆಯ್ಕೆಯಲ್ಲ, ಎರಡು ಧರ್ಮಗಳ ನಡುವಣ ಆಯ್ಕೆ. ಒಂದು, ಪೂರ್ವಿಕರು ಒಪ್ಪಿಸಿದ್ದನ್ನು ಕುಂದಿಲ್ಲದೆ ಮುಂದಿನವರಿಗೆ ಒಪ್ಪಿಸುವುದು. ಇನ್ನೊಂದು, ನಂಬಿ ಬಂದ ಮಕ್ಕಳನ್ನು ಹಸಿವೆಯಿಂದ ಹಿಂದಕ್ಕೆ ಕಳುಹಿಸದಿರುವುದು.

ನಮ್ಮ ದರ್ಶನದಲ್ಲಿ ಇದಕ್ಕೆ ಉತ್ತರವಿಲ್ಲದಿಲ್ಲ. ಲಿಂಗವು ಬಂಗಾರದ ಸಂಪುಟದಲ್ಲಿದ್ದರೂ ಬೆಳ್ಳಿಯದರಲ್ಲಿದ್ದರೂ ಬರಿಯ ಲಿಂಗವಸ್ತ್ರದಲ್ಲಿ ಕಟ್ಟಿಕೊಂಡರೂ ಲಿಂಗವೇ. ಸಂಪುಟಕ್ಕೆ ಬೆಲೆಯುಂಟು, ಲಿಂಗಕ್ಕೆ ಬೆಲೆಯಿಲ್ಲ. ಬೆಲೆಯುಳ್ಳದ್ದು ಮಾತ್ರ ಮಾರಾಟಕ್ಕೆ ಒದಗುವುದು. ಮತ್ತು ಗುರು ಲಿಂಗ ಜಂಗಮಗಳೆಂಬ ಮೂರರಲ್ಲಿ ಶರಣರು ಜಂಗಮಕ್ಕೆ, ನಡೆದಾಡುವ ಜೀವಕ್ಕೆ, ಕೊಟ್ಟ ಹಿರಿಮೆಯನ್ನು ನೆನೆದರೆ ದಾಸೋಹಕ್ಕೆ ಒದಗಿದ ದ್ರವ್ಯವು ಪರಭಾರೆಯಾಯಿತೆನ್ನಲಾಗದು. ಅದು ತನ್ನ ಉದ್ದೇಶಕ್ಕೆ ತಲುಪಿತು. ಆದರೆ ಇದೆಲ್ಲ ಈಗ ಕುಳಿತು ನಾನು ಬರೆಯುವ ವಾದ. ಗ್ರಂಥವನ್ನು ಬಿಚ್ಚಿ ಪೂರ್ವಪಕ್ಷ ಸಿದ್ಧಾಂತಗಳನ್ನು ತೂಗುವಷ್ಟು ಹೊತ್ತು ಹಸಿದ ಹುಡುಗನಿಗೆ ಇರುವುದಿಲ್ಲ. ಶ್ರೀಗಳವರು ಮಾರಿದರು, ಒಲೆ ಉರಿಯಿತು. ಮತ್ತು ಆ ಮೇಲೆ ಅವರು ಮಠದ ಆಸ್ತಿಯನ್ನು ಕರಗಿಸುವ ದಾರಿಯನ್ನು ಹಿಡಿಯದೆ ನೂರ್ಮಡಿಯಾಗಿ ಬೆಳೆಸಿದರೆಂಬುದು, ಆ ನಿರ್ಧಾರವು ಚಾಪಲ್ಯವಲ್ಲವೆಂಬುದಕ್ಕೆ ಸಾಕ್ಷಿ.

ನಿಲಯದ ದಿನಚರಿಯನ್ನು ನನ್ನ ತೀರ್ಥರೂಪರ ಬಾಯಿಂದ ನಾನು ಕೇಳಿದ್ದೇನೆ. ಅವರು ಸೋಸಲೆಯ ಕಡೆಯವರು. ಆ ಕಾಲದಲ್ಲಿ ಇಂಟರ್‌ಮೀಡಿಯೆಟ್ ಓದಲು ಮೈಸೂರಿಗೆ ಹೋಗಿ ಎರಡು ವರ್ಷ ಶ್ರೀಗಳವರ ನಿಲಯದಲ್ಲಿ ಉಂಡವರು. ನಸುಕಿನಲ್ಲಿ ಎದ್ದು ತಣ್ಣೀರು ಸ್ನಾನ, ವಿಭೂತಿ, ಸಾಮೂಹಿಕ ಲಿಂಗಪೂಜೆ. ಆ ಬಳಿಕ ಪ್ರಸಾದ. ಬಡಿಸುವುದೂ ನೀರು ತುಂಬುವುದೂ ಹುಡುಗರ ಸರದಿ. ರಾಗಿಮುದ್ದೆ, ಹುರುಳಿಕಾಳಿನ ಸಾರು; ಸೋಮವಾರವೋ ಹಬ್ಬವೋ ಆದರೆ ಪಾಯಸ. ರಾತ್ರಿ ಒಂದು ದೀಪದ ಸುತ್ತ ಐದಾರು ಮಂದಿ. ಒಬ್ಬನಲ್ಲಿದ್ದ ಪುಸ್ತಕವು ಸರದಿಯ ಮೇಲೆ ಎಲ್ಲರ ಪುಸ್ತಕವಾಗುತ್ತಿತ್ತು. ಹೋದ ವರ್ಷ ಪರೀಕ್ಷೆ ಮುಗಿಸಿದವನ ಟಿಪ್ಪಣಿಯು ಈ ವರ್ಷದವನಿಗೆ ಬರುತ್ತಿತ್ತು. ಯಾವನಿಗಾದರೂ ಜ್ವರ ಬಂದರೆ ಪಕ್ಕದ ಚಾಪೆಯವನು ರಾತ್ರಿಯೆಲ್ಲ ಕುಳಿತಿರುತ್ತಿದ್ದನು. ಪಟ್ಟಣದಲ್ಲಿ ಯಾವ ವೈದ್ಯರಲ್ಲಿಗೆ ಹೋಗಬೇಕು, ಫೀಸಿನ ರಿಯಾಯಿತಿಗೆ ಅರ್ಜಿಯನ್ನು ಹೇಗೆ ಬರೆಯಬೇಕು, ಯಾವ ಅಂಗಡಿಯಲ್ಲಿ ಹಳೆಯ ಪುಸ್ತಕ ಸಿಕ್ಕುತ್ತದೆ ಎಂಬುದನ್ನೆಲ್ಲ ಹೊಸಬನಿಗೆ ಹಳಬನು ಹೇಳಿಕೊಡುವನು. ತೀರ್ಥರೂಪರು ಇದನ್ನೆಲ್ಲ ಹೇಳಿ ಕಡೆಯಲ್ಲಿ ಒಂದನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದರು: ನಾಳೆ ಯಾರ ಮನೆಯೆಂದು ಯೋಚಿಸದೆ ಮಲಗಿದ ಮೊದಲ ರಾತ್ರಿಯನ್ನು ಅವರು ಮರೆಯಲಾರದೆ ಹೋದರು. ನಿಲಯಕ್ಕೆ ಸೇರುವ ಮೊದಲು ಅವರೂ ಮೂರು ತಿಂಗಳು ವಾರಾನ್ನದ ಹುಡುಗ.

ಆಮೇಲಿನ ಕಥೆ ಎಲ್ಲರಿಗೂ ತಿಳಿದುದಾದುದರಿಂದ ಚಿಕ್ಕದಾಗಿ ಹೇಳುತ್ತೇನೆ. 1954ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವು ಸ್ಥಾಪಿತವಾಯಿತು. 1963ರಲ್ಲಿ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು, 1973ರಲ್ಲಿ ಫಾರ್ಮಸಿ ಕಾಲೇಜು, 1984ರಲ್ಲಿ ವೈದ್ಯಕೀಯ ಕಾಲೇಜು. ಇವುಗಳ ನಡುನಡುವೆ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಶಾಲೆಗಳು, ಕಾಲೇಜುಗಳು, ನಿಲಯಗಳು. ಜಯಚಾಮರಾಜ ಒಡೆಯರವರು ಶ್ರೀಗಳವರಿಗೆ ರಾಜಗುರುತಿಲಕರೆಂಬ ಬಿರುದನ್ನಿತ್ತು ಗೌರವಿಸಿದರು. ಈ ಸಂಸ್ಥೆಗಳ ಪಟ್ಟಿಯನ್ನು ಓದುವವರು ಸಾಮಾನ್ಯವಾಗಿ ಕಾಲೇಜುಗಳಿಂದ ಆರಂಭಿಸಿ ನಿಲಯಗಳಲ್ಲಿ ಮುಗಿಸುತ್ತಾರೆ. ನಡೆದುದು ಅದಕ್ಕೆ ತಿರುಗುಮುರುಗು. ಮೊದಲು ಅನ್ನ, ಆಮೇಲೆ ಪಾಠ. ಮತ್ತೊಬ್ಬರ ಕಾಲೇಜಿನಲ್ಲಿ ಓದುವ ಹುಡುಗರಿಗೆ ಅನ್ನವಿಕ್ಕುತ್ತ ವಿಕ್ಕುತ್ತ, ಆ ಹುಡುಗರಲ್ಲಿ ಯಾರಿಗೆ ಸೀಟು ಸಿಕ್ಕಲಿಲ್ಲ, ಯಾರು ಹಳ್ಳಿಯಲ್ಲಿಯೇ ಪ್ರೌಢಶಾಲೆಯಿಲ್ಲದೆ ನಿಂತುಹೋದರು ಎಂಬುದು ಶ್ರೀಗಳವರಿಗೆ ಕಣ್ಣಿಗೆ ಬಿದ್ದಿತು. ಹುಡುಗನು ಪಟ್ಟಣಕ್ಕೆ ಬಂದು ಕಷ್ಟಪಡುವುದಕ್ಕಿಂತ ಶಾಲೆಯೇ ಹುಡುಗನ ಊರಿಗೆ ಹೋಗಲಿ ಎಂಬ ಆಲೋಚನೆಯು ನಿಲಯದ ಉಗ್ರಾಣದಲ್ಲಿ ಹುಟ್ಟಿದುದೆಂದು ನನ್ನ ನಂಬಿಕೆ.

ಕೊರತೆಗಳನ್ನು ಹೇಳದಿದ್ದರೆ ಚರಿತ್ರೆಯು ಬರಿಯ ಸ್ತೋತ್ರವಾದೀತು. ಆ ಕಾಲದ ನಿಲಯಗಳು, ಯಾವ ಸಮಾಜದವೇ ಆಗಲಿ, ಬಹ್ವಂಶ ಗಂಡುಮಕ್ಕಳ ನಿಲಯಗಳು. ಸೋಸಲೆಯ ಹುಡುಗನಿಗೆ ಮೈಸೂರಿನಲ್ಲಿ ಅನ್ನ ಸಿಕ್ಕಿದ ಎಷ್ಟೋ ವರ್ಷಗಳ ಮೇಲೆ ಅವನ ತಂಗಿಗೆ ಸಿಕ್ಕಿತು. ಅಷ್ಟರಲ್ಲಿ ಅವಳ ಮದುವೆಯಾಗಿದ್ದಿತು. ಜಾತಿಗೊಂದು ನಿಲಯವೆಂಬ ಏರ್ಪಾಡೂ ಅಷ್ಟೆ. ಒಂದೊಂದು ಸಮಾಜವು ತನ್ನ ಮಕ್ಕಳನ್ನು ತಾನು ಸಾಕಿಕೊಂಡುದರಿಂದಲೇ ಸಾವಿರಾರು ಮಂದಿ ಓದಿದರೆಂಬುದು ನಿಜ. ಸಾಕುವ ಶಕ್ತಿಯಿಲ್ಲದ ಸಮಾಜದ ಮಗನು ಬೀದಿಯಲ್ಲಿ ನಿಂತನೆಂಬುದೂ ನಿಜ. ವಿದ್ಯಾಪೀಠದ ಬಾಗಿಲು ಕಾಲಕ್ರಮದಲ್ಲಿ ಎಲ್ಲರಿಗೂ ತೆರೆಯಿತು. ಇಂದು ಸುತ್ತೂರಿನ ಉಚಿತ ವಸತಿಶಾಲೆಯಲ್ಲಿ ನಾಡಿನ ಹೊರಗಿನಿಂದ ಬಂದವರೂ ಸೇರಿ ಸಾವಿರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುವುದನ್ನು ಹೋದವರೆಲ್ಲರೂ ನೋಡಬಹುದು. ಮೊದಲಿನಿಂದಲೂ ಎಲ್ಲೆಲ್ಲಿಯೂ ಹೀಗೆಯೇ ಇದ್ದಿತೆಂದು ಮಾತ್ರ ನಾವು ಹೇಳಿಕೊಳ್ಳಬಾರದು.

ಈಗಿನ ಮೈಸೂರಿನಲ್ಲಿ ಜೂನ್ ಜುಲೈ ತಿಂಗಳುಗಳಲ್ಲಿ ಕಾಲೇಜುಗಳ ಸುತ್ತಲಿನ ಬೀದಿಗಳಲ್ಲಿ ನಡೆದರೆ ಪೆಟ್ಟಿಗೆ ಹಿಡಿದ ಹುಡುಗ ಹುಡುಗಿಯರು ಬಾಡಿಗೆಯ ಕೋಣೆಗಾಗಿ ಮನೆ ಮನೆ ವಿಚಾರಿಸುವುದು ಕಾಣುತ್ತದೆ. ಹಣವುಳ್ಳವರಿಗೆ ಪೇಯಿಂಗ್ ಗೆಸ್ಟ್ ಎಂಬ ಮನೆಗಳು. ಇಲ್ಲದವರಿಗೆ ಸರಕಾರದ ನಿಲಯಗಳು, ಮಠಗಳ ನಿಲಯಗಳು, ಅಲ್ಲಿಯೂ ಎಡೆ ಸಿಕ್ಕದವರಿಗೆ ಬಸ್ಸಿನಲ್ಲಿ ದಿನವೂ ಊರಿಗೆ ಹೋಗಿಬರುವ ದಾರಿ. ಸೋಸಲೆಯಿಂದ ಒಂದು ದಿನದ ದಾರಿಯಾಗಿದ್ದುದು ಈಗ ಗಂಟೆಯ ಮಾತಾಗಿದೆ. ಆದರೂ ನಮ್ಮ ಮಠಕ್ಕೆ ಪ್ರತಿ ವರ್ಷವೂ ಆಷಾಢದಲ್ಲಿ ತಂದೆ ಮಗ ಇಬ್ಬರೂ ಬಂದು ಹೊರಜಗುಲಿಯಲ್ಲಿ ಕುಳಿತು, ಹೇಗೆ ಕೇಳುವುದೆಂದು ತಿಳಿಯದೆ ಒಬ್ಬರ ಮುಖವನ್ನೊಬ್ಬರು ನೋಡುತ್ತಿರುವುದನ್ನು ನಾನು ಕಂಡಿದ್ದೇನೆ. ಅವರು ಕೇಳುವ ಮೊದಲೇ ಉಗ್ರಾಣದವರು ಎಲೆ ಹಾಕಿಸುತ್ತಾರೆ.

ಪೂಜ್ಯ ರಾಜೇಂದ್ರ ಮಹಾಸ್ವಾಮಿಗಳವರು 1986ನೆಯ ಇಸವಿ ಡಿಸೆಂಬರ್ 6ರಲ್ಲಿ ಲಿಂಗೈಕ್ಯರಾದರು. ಅವರಿಗೆ ಎಪ್ಪತ್ತು ವರ್ಷ ತುಂಬಿದ್ದಿತು. ನಾನಾಗ ಹದಿನೈದರ ಹುಡುಗ, ಪಾಠಶಾಲೆಯಿಂದ ಊರಿಗೆ ಬಂದಿದ್ದೆನು. ಸುದ್ದಿ ತಿಳಿದ ರಾತ್ರಿ ತೀರ್ಥರೂಪರು ಪೂಜೆಗೆ ಕುಳಿತವರು ಬಹಳ ಹೊತ್ತು ಏಳಲಿಲ್ಲ, ಎದ್ದ ಮೇಲೆ ಪ್ರಸಾದವನ್ನೂ ತೆಗೆದುಕೊಳ್ಳಲಿಲ್ಲ. ಗದ್ದೆಯ ಕುಯ್ಲು ಆಗ ನಡೆದಿದ್ದಿತು. ಕಣವಾದ ಮೇಲೆ, ತಾವು ಮೈಸೂರನ್ನು ಬಿಟ್ಟಂದಿನಿಂದ ಪ್ರತಿ ವರ್ಷ ಮಾಡುತ್ತಿದ್ದಂತೆ, ಎರಡು ಚೀಲ ಅಕ್ಕಿಯನ್ನು ತೆಗೆದಿಟ್ಟು ಹೊಲಿಸಿ, ನರಸೀಪುರದಿಂದ ಹೊರಡುವ ಲಾರಿಗೆ ಹಾಕಿಸಿ, ನಿಲಯದ ಉಗ್ರಾಣಕ್ಕೆ ತಲುಪಿಸುವಂತೆ ಹೇಳಿ ಬಂದರು.